ಅಡುಗೆಮನೆಯ ನವೀಕರಣಕ್ಕೆ ವಿನ್ಯಾಸಕರು ಬೇಕೇ? ಮೈಸೂರಿನ ನಮ್ಮ ಮನೆಯ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಕಳೆದ ವರ್ಷ ಒಬ್ಬ ಸ್ವತಂತ್ರ ಒಳಾಂಗಣ ವಿನ್ಯಾಸಕಿಯ ಮೂಲಕ ಪೂರ್ತಿಯಾಗಿ ಹೊಸದು ಮಾಡಿಸಿದೆವು. ಗೊತ್ತಿರುವ ಬಡಗಿ ಇರುವಾಗ ಇವರಿಗೆ ಬೇರೆ ಶುಲ್ಕ ಏಕೆ ಕೊಡಬೇಕು ಎಂದು ಬಂಧುಗಳು ಈಗಲೂ ಕೇಳುತ್ತಿರುವುದರಿಂದ, ಆ ಹಣಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಮೊದಲ ಭೇಟಿಯಲ್ಲಿ ಅವರು ಬಣ್ಣದ ಕ್ಯಾಟಲಾಗನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬೆಳಗಿನ ಅಡುಗೆಯ ಹೊತ್ತಿಗೆ ಬಂದು, ಬಾಗಿಲ ಬಳಿ ನಿಂತು, ನಮ್ಮ ಅತ್ತೆಯವರು ತರಕಾರಿ ಹೆಚ್ಚುವುದು ಎಲ್ಲಿ, ಹುಳಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಡಬ್ಬಿಗಾಗಿ ಎಷ್ಟು ಹೆಜ್ಜೆ ನಡೆಯುತ್ತಾರೆ, ಬಿಸಿ ಕುಕ್ಕರನ್ನು ಇಳಿಸಿ ಎಲ್ಲಿ ಇಡುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡರು. ಆಮೇಲೆ ಇಡ್ಲಿ ಪಾತ್ರೆ, ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಸುವ ಹಿತ್ತಾಳೆ ಕೊಳದಪ್ಪಲೆ, ತಿಂಗಳ ಅಕ್ಕಿ ಬೇಳೆಯ ಡಬ್ಬಿಗಳು ಎಲ್ಲವನ್ನೂ ನೆಲದ ಮೇಲೆ ಇರಿಸಿ ಒಂದೊಂದರ ಎತ್ತರವನ್ನೂ ಟೇಪು ಹಿಡಿದು ಅಳೆದರು. ಡ್ರಾಯರುಗಳ ಆಳ ನಿರ್ಧಾರವಾದದ್ದು ಈ ಅಳತೆಗಳಿಂದ. ಕಂಪನಿಯ ಸಿದ್ಧ ಗಾತ್ರಗಳಿಂದಲ್ಲ. ನನ್ನ ಮಟ್ಟಿಗೆ ಅವರ ಶುಲ್ಕದ ಅರ್ಧದಷ್ಟು ಅಂದೇ ಸಂದಾಯವಾಯಿತು.

ಕಟ್ಟೆಯ ಎತ್ತರದ ವಿಷಯದಲ್ಲಿ ಅವರು ಹೇಳಿದ ಲೆಕ್ಕವನ್ನು ನಮ್ಮ ಬಡಗಿ ಎಂದೂ ಹೇಳಿರಲಿಲ್ಲ. ಎಲ್ಲ ಕಡೆಯೂ ಒಂದೇ ಮಟ್ಟಕ್ಕೆ ಗ್ರಾನೈಟ್ ಹಾಸುವುದು ನಮ್ಮಲ್ಲಿ ರೂಢಿ. ಆದರೆ ಒಲೆಯ ಮೇಲೆ ಪಾತ್ರೆ ಕುಳಿತಾಗ ಕೈ ಆಡಿಸುವ ಜಾಗ ಕಟ್ಟೆಗಿಂತ ಎಷ್ಟೋ ಮೇಲೆ ಹೋಗುತ್ತದೆ; ಸಿಂಕಿನಲ್ಲಿ ಪಾತ್ರೆ ತೊಳೆಯುವಾಗ ಕೈ ತೊಟ್ಟಿಯ ತಳಕ್ಕೆ, ಅಂದರೆ ಕಟ್ಟೆಗಿಂತ ಎಂಟು ಅಂಗುಲ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಒಲೆಯ ಭಾಗವನ್ನು 32 ಅಂಗುಲಕ್ಕೂ ಸಿಂಕಿನ ಭಾಗವನ್ನು 36 ಅಂಗುಲಕ್ಕೂ ನಿಲ್ಲಿಸಿದರು. ನೋಡುವವರಿಗೆ ಕಟ್ಟೆ ನಡುವೆ ಮುರಿದಂತೆ ಕಾಣುತ್ತದೆ ಎಂಬುದು ನಿಜ, ಆದರೆ ಅತ್ತೆಯವರ ಸೊಂಟನೋವಿನ ದೂರು ಬಹುಮಟ್ಟಿಗೆ ನಿಂತಿದೆ. ಒಲೆ ಆಗ್ನೇಯದಲ್ಲೇ ಇರಬೇಕು, ಪೂರ್ವಕ್ಕೆ ಮುಖ ಮಾಡಿಯೇ ಅಡುಗೆ ಮಾಡಬೇಕು ಎಂಬ ಅವರ ಹಟವನ್ನೂ ವಿನ್ಯಾಸಕಿ ವಾದವಿಲ್ಲದೆ ಒಪ್ಪಿಕೊಂಡು, ಕಿಟಕಿಯ ಗಾಳಿಗೆ ಉರಿ ಅಲುಗಾಡದಂತೆ ಒಲೆಯನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದರು. ವಾಸ್ತುವನ್ನು ನಂಬದ ನಾನೂ ಅದಕ್ಕೆ ತಕರಾರು ಮಾಡಲಿಲ್ಲ.

ಅವರ ನಿಜವಾದ ಕಸುಬು ಕಂಡದ್ದು ಗೋಡೆಯೊಳಗೆ ಹುದುಗಿಹೋಗುವ ಕೆಲಸಗಳಲ್ಲಿ. ಇಂಡಕ್ಷನ್ ಒಲೆ 2000 ವ್ಯಾಟಿನದಾದರೆ ಅದು ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಬಾರದು ಎಂದು ತಿಳಿಸಿ, ಇಂಡಕ್ಷನ್ನಿಗೂ ಓವನ್ನಿಗೂ 16 ಆಂಪಿಯರಿನ ಪ್ರತ್ಯೇಕ ಲೈನುಗಳನ್ನು ಎಳೆಸಿದರು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲೇ ತಂಗುತ್ತದೆ. ಹಾಗಾಗಿ ಸಿಲಿಂಡರನ್ನು ಮುಚ್ಚಿದ ಕಪಾಟಿನೊಳಗೆ ಬಚ್ಚಿಡಬೇಕೆಂಬ ನಮ್ಮ ಆಸೆಯನ್ನು ಅವರು ಒಪ್ಪದೆ, ಯುಟಿಲಿಟಿಯಲ್ಲಿ ಗಾಳಿಯಾಡುವ ಕಡೆ ಅದಕ್ಕೆ ಜಾಗ ಮಾಡಿದರು. ಚಿಮಣಿಯ ಕೊಳವೆ ಬಾಗಿದಷ್ಟೂ ಹೊಗೆ ಎಳೆಯುವ ಶಕ್ತಿ ಕುಂದುತ್ತದೆಂದು ಹೇಳಿ, ಅಟ್ಟವನ್ನು ಸುತ್ತಿ ಹೋಗಬೇಕಿದ್ದ ಆರು ಅಂಗುಲದ ಕೊಳವೆಯನ್ನು ನೇರವಾಗಿ ಹೊರಗೋಡೆಗೆ ಹಾಯಿಸಿದರು. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನ ಈಗ ಹಜಾರದಲ್ಲಿ ಯಾರೂ ಕೆಮ್ಮುವುದಿಲ್ಲ.

ಸಾಮಗ್ರಿಯ ಆಯ್ಕೆಯಲ್ಲಿ ಅವರು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಸ್ಪಷ್ಟವಾಗಿತ್ತು. ಸಿಂಕಿನ ಕೆಳಗಿನ ಪೆಟ್ಟಿಗೆಗಳಿಗೆ ಐಎಸ್ 710 ಗುರುತಿನ, ಅಂದರೆ ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಅಂಟು ಬಿಡಬಾರದೆಂಬ ಪರೀಕ್ಷೆಗೆ ಒಳಪಡುವ ಪ್ಲೈವುಡ್ಡೇ ಆಗಬೇಕೆಂದರು. ನೀರು ತಾಗದ ಮೇಲಿನ ಕಪಾಟುಗಳಿಗೆ ಅದು ಬೇಡವೆಂದು ಖರ್ಚು ಉಳಿಸಿದರು. ಹಿಂಜು, ಚಾನೆಲ್ಲುಗಳ ಬಿಲ್ಲುಗಳು ಅಂಗಡಿಯಿಂದ ನೇರವಾಗಿ ನಮ್ಮ ಹೆಸರಿಗೇ ಬಂದವು. ಒಟ್ಟು ಕೆಲಸದ ಶೇ 10ರಷ್ಟು ಶುಲ್ಕ ಪಡೆದ ಅವರು ಅಂಗಡಿಯವರಿಂದ ಕಮಿಷನ್ ಪಡೆಯುವುದಿಲ್ಲವೆಂದು ಕರಾರಿನಲ್ಲೇ ಬರೆದುಕೊಟ್ಟಿದ್ದರು.

ಇನ್ನು ದೂರುಗಳು. ಕಂಪ್ಯೂಟರಿನ 3ಡಿ ಚಿತ್ರದಲ್ಲಿ ಕಂಡ ಅಡುಗೆಮನೆ ಮದುವೆ ಆಲ್ಬಮ್ಮಿನ ವಧುವಿನಂತೆ ಹೊಳೆಯುತ್ತಿತ್ತು. ಅದರಲ್ಲಿ ಮಿಕ್ಸಿಯೂ ಇರಲಿಲ್ಲ, ಎಣ್ಣೆ ಡಬ್ಬಿಯೂ ಇರಲಿಲ್ಲ. ಆ ಚಿತ್ರದಲ್ಲಿ ಸೊಗಸಾಗಿದ್ದ, ಹಿಡಿಯಿಲ್ಲದ ಹೊಳಪಿನ ಬಾಗಿಲುಗಳ ಅಂಚಿನ ಸಂದಿನಲ್ಲಿ ಈಗ ಎಣ್ಣೆ, ಅರಿಸಿನದ ಜಿಡ್ಡು ಕೂರುತ್ತಿದ್ದು, ವಾರಕ್ಕೊಮ್ಮೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕಾಗಿದೆ. ಪಾತ್ರೆಗಳನ್ನು ಅಷ್ಟು ಜತನದಿಂದ ಅಳೆದವರು ಇದನ್ನು ಹೇಗೆ ಗಮನಿಸಲಿಲ್ಲವೋ ತಿಳಿಯದು. ಮೊದಲ ಕೊಟೇಶನ್ನಿನಲ್ಲಿ ಹಳೆಯ ಕಡಪ ಕಲ್ಲಿನ ಕಟ್ಟೆ ಒಡೆಯುವ ಕೂಲಿ, ಮಣ್ಣು ಸಾಗಿಸುವ ಬಾಡಿಗೆ, ನಲ್ಲಿ ಕೆಲಸ ಇವು ಯಾವುವೂ ಸೇರಿರಲಿಲ್ಲ. ಜಿಎಸ್‌ಟಿಯಂತೂ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆ ಮೇಲ್ವಿಚಾರಣೆಯದು. ಟೈಲ್ಸ್ ಕೂರಿಸುವ ವಾರ ಅವರು ಬೇರೊಂದು ಊರಿನ ಕೆಲಸದಲ್ಲಿದ್ದರು. ಗಾರೆಯವರು ಯುಟಿಲಿಟಿಯ ಇಳಿಜಾರನ್ನು ಅಡುಗೆಮನೆಯ ಕಡೆಗೇ ಕೊಟ್ಟುಬಿಟ್ಟಿದ್ದರಿಂದ ನೀರು ಒಳಗೆ ಹರಿಯುತ್ತಿತ್ತು. ಅದನ್ನು ಕಿತ್ತು ಮತ್ತೆ ಹಾಕಿಸುವ ಖರ್ಚನ್ನು ವಿನ್ಯಾಸಕಿಯೇ ಭರಿಸಿದರಾದರೂ ಗೃಹಪ್ರವೇಶದಂತೆ ನಿಗದಿ ಮಾಡಿಕೊಂಡಿದ್ದ ಹಾಲುಕ್ಕಿಸುವ ದಿನ ಮುಂದೆ ಹೋಯಿತು.

ವಿನ್ಯಾಸಕರನ್ನು ಹುಡುಕುವವರಿಗೆ ಒಂದು ವಿಷಯ ತಿಳಿದಿರಲಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು ನೋಂದಣಿ ಕಡ್ಡಾಯ. ಒಳಾಂಗಣ ವಿನ್ಯಾಸಕರಿಗೆ ಅಂಥ ನಿರ್ಬಂಧವಿಲ್ಲದ ಕಾರಣ ಯಾರು ಬೇಕಾದರೂ ಫಲಕ ಹಾಕಬಹುದು. ಆದ್ದರಿಂದ ಅವರು ಹಿಂದೆ ಮಾಡಿದ ಅಡುಗೆಮನೆಗಳ ಪೈಕಿ ಎರಡು ವರ್ಷ ಬಳಕೆಯಾದ ಒಂದನ್ನಾದರೂ ಹೋಗಿ ನೋಡುವುದು ಅಗತ್ಯ. ಮಾಡ್ಯುಲರ್ ಮಳಿಗೆಗಳಲ್ಲಿ ವಿನ್ಯಾಸ ಉಚಿತವೆನ್ನುತ್ತಾರೆ. ನಾವು ಹೋಗಿದ್ದ ಮಳಿಗೆಯಲ್ಲಿ ಚಿತ್ರ ಬರೆದವರೇ ಮಾರಾಟಗಾರರೂ ಆಗಿದ್ದರು, ನಮ್ಮ ಪಾತ್ರೆಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದಿನ ವರ್ಷ ಬಚ್ಚಲುಮನೆಯ ಕೆಲಸವನ್ನು ಇದೇ ವಿನ್ಯಾಸಕಿಗೆ ಒಪ್ಪಿಸಲಿದ್ದೇವೆ. ಆದರೆ ಈ ಬಾರಿ ಟೈಲ್ಸ್ ಮತ್ತು ನಲ್ಲಿ ಕೆಲಸದ ದಿನಗಳಲ್ಲಿ ಅವರು ಖುದ್ದಾಗಿ ಹಾಜರಿರಬೇಕು, ಕೊನೆಯ ಕಂತನ್ನು ಇಳಿಜಾರಿನಲ್ಲಿ ನೀರು ಬಿಟ್ಟು ನೋಡಿದ ಮೇಲೆಯೇ ಕೊಡುತ್ತೇವೆ ಎಂಬ ಎರಡು ಷರತ್ತುಗಳನ್ನು ಕರಾರಿನಲ್ಲಿ ಸೇರಿಸಲು ಅವರೂ ಒಪ್ಪಿದ್ದಾರೆ.