ಫೋಲ್ಡ್‌ಸ್ಕೋಪ್: ಹೈಸ್ಕೂಲಿನ ವಿಜ್ಞಾನ ತರಗತಿಗೆ ಒಂದು ಕಾಗದದ ಸೂಕ್ಷ್ಮದರ್ಶಕ

ಐವತ್ತು ಮಕ್ಕಳ ಒಂಬತ್ತನೇ ತರಗತಿಗೆ ಒಂದೇ ಸೂಕ್ಷ್ಮದರ್ಶಕವಿದ್ದರೆ ಏನಾಗುತ್ತದೆ ಎಂಬುದು ವಿಜ್ಞಾನ ಕಲಿಸುವ ಎಲ್ಲರಿಗೂ ಗೊತ್ತು. ನಲವತ್ತು ನಿಮಿಷದ ಅವಧಿಯಲ್ಲಿ ಈರುಳ್ಳಿಯ ಪೊರೆ ಬಿಡಿಸಿ, ಬಣ್ಣ ಹಾಕಿ, ಫೋಕಸ್ ಮಾಡುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿರುತ್ತದೆ. ಉಳಿದದ್ದನ್ನು ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ ನಿಮಿಷ. ಅಷ್ಟರಲ್ಲಿ ಹೆಚ್ಚಿನವರಿಗೆ ಕಾಣುವುದು ತಮ್ಮದೇ ರೆಪ್ಪೆಕೂದಲಿನ ನೆರಳು. ‘ಕಾಣಿಸ್ತಾ?’ ಎಂದು ಕೇಳಿದರೆ ‘ಹ್ಞೂ ಮಿಸ್’ ಎಂದು ಜಾಗ ಬಿಟ್ಟುಕೊಡುತ್ತಾರೆ, ಆಮೇಲೆ ಪುಸ್ತಕದ ಚಿತ್ರವನ್ನು ನೋಡಿಕೊಂಡು ರೆಕಾರ್ಡ್ ಬರೆಯುತ್ತಾರೆ. ಪ್ರಯೋಗ ನಡೆದಂತೆಯೂ ಆಯಿತು, ಯಾರೂ ಏನನ್ನೂ ನೋಡದಂತೆಯೂ ಆಯಿತು. ಫೋಲ್ಡ್‌ಸ್ಕೋಪನ್ನು ಅಳೆಯಬೇಕಾದದ್ದು ಈ ಅರ್ಧ ನಿಮಿಷದ ಎದುರಿಗೆ ಇಟ್ಟು.

ಐಐಟಿ ಕಾನ್ಪುರದಲ್ಲಿ ಓದಿ ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ಮತ್ತು ಅವರ ಸಹೋದ್ಯೋಗಿಗಳು ಈ ಉಪಕರಣದ ವಿನ್ಯಾಸವನ್ನು 2014ರಲ್ಲಿ ಪ್ರಕಟಿಸಿದರು. ನೀರಿಗೆ ಹಾಳಾಗದ, ಸುಲಭವಾಗಿ ಹರಿಯದ ದಪ್ಪ ಹಾಳೆಯ ತುಂಡುಗಳನ್ನು ಬಿಡಿಸಿ, ಗುರುತುಗಳನ್ನು ಹೊಂದಿಸುತ್ತ ಮಡಚಿ, ಒಂದರೊಳಗೊಂದು ಸೇರಿಸಿದರೆ ಅಂಗೈಗಿಂತ ಸ್ವಲ್ಪ ಉದ್ದನೆಯ ಪಟ್ಟಿಯೊಂದು ಸಿದ್ಧವಾಗುತ್ತದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಮಸೂರ. ಬಿಡಿಭಾಗಗಳ ವೆಚ್ಚ ಒಂದು ಡಾಲರಿಗಿಂತ ಕಡಿಮೆ ಇರಬೇಕೆಂಬುದೇ ವಿನ್ಯಾಸದ ಮೂಲ ಗುರಿಯಾಗಿತ್ತು. ಅಂಗಡಿಯ ಬೆಲೆ ಅದಕ್ಕಿಂತ ಹೆಚ್ಚೇ ಇರುತ್ತದೆ, ಆದರೂ ಒಂದು ಒಳ್ಳೆಯ ಸಂಯುಕ್ತ ಸೂಕ್ಷ್ಮದರ್ಶಕಕ್ಕೆ ತೆರುವ ಹಣದಲ್ಲಿ ಇಂಥವು ಹಲವು ಬರುತ್ತವೆ.

ವರ್ಧನೆ ಸುಮಾರು 140 ಪಟ್ಟು, ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಈ 140 ಎಲ್ಲಿಂದ ಬಂತೆಂಬುದನ್ನು ಹತ್ತನೇ ತರಗತಿಯವರಿಂದಲೇ ಲೆಕ್ಕ ಮಾಡಿಸಬಹುದು. ಇದರ ಮಸೂರವಾದ 2.4 ಮಿಲಿಮೀಟರ್ ವ್ಯಾಸದ ಗಾಜಿನ ಗುಂಡಿನ ಸಂಗಮದೂರ (ಫೋಕಲ್ ಲೆಂಗ್ತ್) ಸುಮಾರು 1.8 ಮಿಲಿಮೀಟರ್. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಕನಿಷ್ಠ ದೂರವಾದ 25 ಸೆಂಟಿಮೀಟರನ್ನು, ಅಂದರೆ 250 ಮಿಲಿಮೀಟರನ್ನು, ಅದರಿಂದ ಭಾಗಿಸಿದರೆ ಉತ್ತರ ಹತ್ತಿರ ಹತ್ತಿರ 140. ಗುಂಡು ಚಿಕ್ಕದಾದಷ್ಟೂ ವರ್ಧನೆ ಹೆಚ್ಚು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆಯ ನೀರಿನ ಜೀವಿಗಳನ್ನು ಕಂಡದ್ದೂ ಇಂಥ ಒಂಟಿ ಮಸೂರದ ಉಪಕರಣದಿಂದಲೇ. ಬೆಳಕಿನ ಪಾಠವೂ ಜೀವಕೋಶದ ಪಾಠವೂ ಒಂದೇ ವಸ್ತುವಿನಲ್ಲಿ ಕೂಡುವುದು ನಮ್ಮ ಪಠ್ಯಕ್ರಮದಲ್ಲಿ ಅಪರೂಪ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅದೇ, ಅಗ್ಗದ ಬೆಲೆ ಆಮೇಲಿನ ಮಾತು.

ತರಗತಿಯಲ್ಲಿ ಏನೇನು ಕಾಣುತ್ತದೆ ಎಂಬುದಕ್ಕೆ ಬರೋಣ. ಈರುಳ್ಳಿ ಪೊರೆಯ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಸಾಲುಗಟ್ಟಿರುವುದು ಸಲೀಸಾಗಿ ಕಾಣುತ್ತದೆ. ಅಯೋಡಿನ್ ಹಾಕಿದ್ದರೆ ಕೋಶಕೇಂದ್ರವೂ ಕಂದು ಚುಕ್ಕೆಯಾಗಿ ಸಿಗುತ್ತದೆ. ದಾಸವಾಳದ ಪರಾಗದ ಮುಳ್ಳುಗಳನ್ನು ನೋಡಿದ ಹುಡುಗಿಯರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕುಂಬಳ, ತುಂಬೆ, ಕಣಗಿಲೆ ಎಂದು ಕೈಗೆ ಸಿಕ್ಕ ಹೂವನ್ನೆಲ್ಲ ತಂದು ನೋಡತೊಡಗುತ್ತಾರೆ. ಯಾವ ಪಾಠಯೋಜನೆಯಲ್ಲೂ ಇಲ್ಲದ ಈ ಹೋಲಿಕೆಯ ಕೆಲಸವೇ ವಿಜ್ಞಾನ. ಕೆರೆಯ ಪಾಚಿಯಲ್ಲಿ ಸ್ಪೈರೋಗೈರಾದ ಸುರುಳಿಯಾಕಾರದ ಹಸಿರು ಪಟ್ಟಿಗಳು ಎಷ್ಟು ಚೆನ್ನಾಗಿ ಕಾಣುತ್ತವೆಂದರೆ, ಪಠ್ಯಪುಸ್ತಕದ ಚಿತ್ರವೇ ಸಪ್ಪೆ ಅನ್ನಿಸುತ್ತದೆ. ಮೊಸರಿನ ಬ್ಯಾಕ್ಟೀರಿಯಾ ತೋರಿಸುತ್ತೇನೆಂದು ಮಾತ್ರ ಮಕ್ಕಳಿಗೆ ಮಾತು ಕೊಡಬೇಡಿ, ಅವು ಈ ಉಪಕರಣದ ಮಿತಿಯ ಆಚೆಗಿನವು.

ಕೊರತೆಗಳಿವೆ, ಅವು ವಿನ್ಯಾಸದಲ್ಲಿಯೇ ಇರುವಂಥವು. ಒಂಟಿ ಗುಂಡು ಮಸೂರವಾದ್ದರಿಂದ ನೋಟದ ನಡುಭಾಗ ಸ್ಪಷ್ಟ, ಅಂಚು ಮಸುಕು. ಕಣ್ಣನ್ನು ಮಸೂರಕ್ಕೆ ತಾಗುವಷ್ಟು ಹತ್ತಿರ ಒಯ್ಯಬೇಕು. ಕನ್ನಡಕ ಹಾಕುವ ಮಕ್ಕಳಿಗೆ ಇದು ಕಷ್ಟ, ಅವರು ಕನ್ನಡಕ ತೆಗೆದಿಟ್ಟು ನೋಡುವುದೇ ಮೇಲು. ಕಾಗದದ ಪಟ್ಟಿಯನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಸರಿಸಿ ಫೋಕಸ್ ಮಾಡುವುದಕ್ಕೆ ಅಭ್ಯಾಸ ಬೇಕು, ಮೊದಲ ತರಗತಿ ಇಷ್ಟಕ್ಕೇ ಮುಗಿದರೂ ಬೇಸರ ಬೇಡ. ಬೆಳಕಿಗಾಗಿ ಕಿಟಕಿಯ ಕಡೆಗೋ ಬಲ್ಬಿನ ಕಡೆಗೋ ಹಿಡಿದರೆ ಸಾಕು. ನೇರ ಸೂರ್ಯನ ಕಡೆಗೆ ಹಿಡಿಯಲೇಬಾರದೆಂಬ ಎಚ್ಚರಿಕೆಯನ್ನು ಪೆಟ್ಟಿಗೆ ತೆರೆಯುವ ಮೊದಲೇ ಹೇಳಬೇಕು. ಇದರೊಂದಿಗೆ ಬರುವ ಅಯಸ್ಕಾಂತದ ಬಿಲ್ಲೆಯಿಂದ ಮೊಬೈಲ್ ಕ್ಯಾಮೆರಾಕ್ಕೆ ಜೋಡಿಸಿ ಫೋಟೊ ತೆಗೆಯಬಹುದು, ಇಡೀ ತರಗತಿಗೆ ಒಟ್ಟಿಗೆ ತೋರಿಸಲು ಅದು ಅನುಕೂಲ. ಆದರೆ ಆರಂಭದಲ್ಲೇ ಮೊಬೈಲ್ ಹೊರತೆಗೆದರೆ ಮಕ್ಕಳು ಪರದೆಯನ್ನು ನೋಡುತ್ತಾರೆಯೇ ಹೊರತು ಹುಡುಕುವುದನ್ನು ಕಲಿಯುವುದಿಲ್ಲ.

ಮಕ್ಕಳು ತಾವೇ ಮಾಡಿ ಕಲಿಯುವ ಪ್ರಯೋಗಾಲಯವನ್ನು ಶಾಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಆಯ್ಕೆಯಾಗದ ಶಾಲೆಗಳೂ ತಮ್ಮ ಕೈಲಾದದ್ದನ್ನು ಮಾಡಬೇಕಲ್ಲವೇ? ಅಂಥ ಶಾಲೆಗಳಿಗೆ ನಾನು ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ, ಆದರೆ ಕೊಂಡ ಮಾತ್ರಕ್ಕೆ ವಿಜ್ಞಾನ ಶಿಕ್ಷಣ ಗಟ್ಟಿಯಾಗುತ್ತದೆಂಬ ಭ್ರಮೆ ಬೇಡ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಒಂದು ಪಾಲನ್ನಾದರೂ ಮಗು ತಾನೇ ಕಂಡು ಬರೆದ ಚಿತ್ರಕ್ಕೆ, ಅದು ಎಷ್ಟೇ ಓರೆಕೋರೆಯಾಗಿದ್ದರೂ, ಮೀಸಲಿಟ್ಟರೆ ಪುಸ್ತಕದ ಚಿತ್ರ ನಕಲು ಮಾಡುವ ಚಾಳಿ ತಾನಾಗಿ ಕಡಿಮೆಯಾಗುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆಯಾದರೂ ಎರಡು ಅವಧಿಗಳನ್ನು ಜೋಡಿಸಿಕೊಡುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ, ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಕೊಳ್ಳುವವರು ಇಬ್ಬರು ಮಕ್ಕಳಿಗೆ ಒಂದರಂತೆ ಕೊಳ್ಳಲಿ. ಐದಾರು ಮಂದಿಗೆ ಒಂದಾದರೆ ಮತ್ತೆ ಹಳೆಯ ಸರದಿಯೇ. ಗಾಜಿನ ಸ್ಲೈಡ್, ಕವರ್ ಸ್ಲಿಪ್‌ಗಳನ್ನು ಲೆಕ್ಕಕ್ಕಿಂತ ಹೆಚ್ಚೇ ತರಿಸಿಕೊಳ್ಳಿ, ಒಡೆಯುತ್ತವೆ. ಪ್ರತಿಯೊಂದರ ಮೇಲೂ ಆ ಜೋಡಿಯ ಹೆಸರು ಬರೆಸಿ, ಶನಿವಾರ ಮನೆಗೆ ಕೊಟ್ಟು ಸೋಮವಾರ ತರಿಸಿಕೊಳ್ಳಿ. ಸಂಯುಕ್ತ ಸೂಕ್ಷ್ಮದರ್ಶಕ ಈಗಾಗಲೇ ಇರುವ ಶಾಲೆಯವರು ಅದನ್ನು ಮೂಲೆಗೆ ತಳ್ಳಬೇಕಾಗಿಲ್ಲ: ಫೋಲ್ಡ್‌ಸ್ಕೋಪಿನಲ್ಲಿ ಅರೆಬರೆ ಕಂಡದ್ದನ್ನು ಸರಿಯಾಗಿ ನೋಡಲೆಂದು ಮಕ್ಕಳೇ ಅದರ ಬೀಗದ ಕೈ ಕೇಳಿಕೊಂಡು ಬರುತ್ತಾರೆ.