ಲಿಟಲ್ ಇಟಲಿಯೋ, ಬ್ರೂಕ್ಲಿನ್ನೋ? ಬಿಲ್ಲು ನೋಡಿದ ಮೇಲೆ ಹೇಳುತ್ತೇನೆ

ಶಿವಮೊಗ್ಗದಿಂದ ಬಂದಿದ್ದ ಅಮ್ಮನಿಗೆ ನ್ಯೂಯಾರ್ಕಿನ ಹಳೇ ಕಾಲದ ಇಟಾಲಿಯನ್-ಅಮೆರಿಕನ್ ಊಟ ಹಾಕಿಸಬೇಕಿತ್ತು. ಎರಡು ವಾರದಲ್ಲಿ ಎರಡು ಕಡೆ ಹೋದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬ್ರೂಕ್ಲಿನ್ನಿನ ಬಮಾಂಟೀಸ್ ಅನ್ನೋ ರೆಸ್ಟೋರೆಂಟಿಗೆ.

ಮೊದಲು ಹೋಗಿದ್ದು ಮ್ಯಾನ್‌ಹಟನ್ನಿನ ಲಿಟಲ್ ಇಟಲಿಯಲ್ಲಿರುವ ಮಲ್ಬರಿ ಸ್ಟ್ರೀಟಿಗೆ. ಫುಟ್‌ಪಾತಿನಲ್ಲೇ ಒಬ್ಬ ಮೆನು ಹಿಡಿದು ಕರೆಯುತ್ತಿದ್ದ, ಹೋಗಿ ಕೂತೆವು. ವೇಟರ್ ಬಂದು 'ಇವತ್ತಿನ ಸ್ಪೆಷಲ್' ಅಂತ ಬಾಯಲ್ಲೇ ನಾಲ್ಕೈದು ಹೆಸರು ಹೇಳಿದ, ರೇಟು ಮಾತ್ರ ಹೇಳಲಿಲ್ಲ. ಅಮ್ಮನ ಎದುರು ಕೇಳೋಕೆ ನನಗೂ ಸಂಕೋಚ, ಕೇಳಿದರೆ ಅವರು ತಕ್ಷಣ ರೂಪಾಯಿಗೆ ಲೆಕ್ಕ ಹಾಕಿ 'ನನಗೆ ಹಸಿವಿಲ್ಲ' ಅಂದುಬಿಡುತ್ತಾರೆ. ಸರಿ, ಅದರಲ್ಲಿ ಒಂದು ರವಿಯೋಲಿ (ಒಳಗೆ ಹೂರಣ ತುಂಬಿದ ಪಾಸ್ತಾ) ಹೇಳಿದೆ. ಮೆನುವಿನಲ್ಲಿದ್ದ ಪಾಸ್ತಾ 24 ಡಾಲರ್, ಬಿಲ್ಲಿನಲ್ಲಿ ಈ ಸ್ಪೆಷಲ್ 46!

ಅಷ್ಟಕ್ಕೇ ಮುಗಿಯಲಿಲ್ಲ. ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಅಮ್ಮ ಬಿಲ್ಲು ಕೈಗೆ ತಗೊಂಡು 'ಇದೇನೋ 20 ಪರ್ಸೆಂಟ್?' ಅಂದರು. ಟಿಪ್ ಆಗಲೇ ಸೇರಿತ್ತು, ಕೆಳಗೆ ಟಿಪ್ಪಿಗೆ ಅಂತ ಇನ್ನೊಂದು ಖಾಲಿ ಗೆರೆ! ಅವರು ನೋಡದಿದ್ದರೆ ಎರಡು ಸಲ ಕೊಟ್ಟು ಬರುತ್ತಿದ್ದೆ.

ಬಮಾಂಟೀಸ್ ಶುರುವಾಗಿದ್ದು 1900ರಲ್ಲಿ, ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್ ಬಡಾವಣೆಯಲ್ಲಿ. ಬಿಳಿ ಮೇಜುಬಟ್ಟೆ, ಬೋ ಟೈ ಕಟ್ಟಿದ ವೇಟರ್‌ಗಳು, ಹಿಂದುಗಡೆ ಗಾಜಿನಾಚೆ ಅಡುಗೆಮನೆ. ಅಮ್ಮನಿಗೆ ಇಷ್ಟವಾಗಿದ್ದು ಅದೇ, ಮಾಡೋದು ಕಣ್ಣಿಗೆ ಕಾಣುತ್ತೆ ಅಲ್ವಾ. ಬದನೆಕಾಯಿ ಪಾರ್ಮಜಾನ ತರಿಸಿದೆವು, ಅಂದರೆ ಕರಿದ ಬದನೆಕಾಯಿ ಬಿಲ್ಲೆಗೆ ಟೊಮೆಟೊ ಸಾಸು, ಚೀಸು ಹಾಕಿ ಬೇಯಿಸಿದ್ದು. ಒಂದು ಪ್ಲೇಟು ಇಬ್ಬರಿಗೂ ಜಾಸ್ತಿಯಾಯಿತು. ದಕ್ಷಿಣ ಇಟಲಿಯಿಂದ ಬಂದ ಬಡವರು ಇಲ್ಲಿ ಮಾಂಸ ಅಗ್ಗ ಅಂತ ಬದನೆಕಾಯಿ ಜಾಗಕ್ಕೆ ಚಿಕನ್ ಹಾಕಿದರು, ಅದೇ ಚಿಕನ್ ಪಾರ್ಮ್. ನಾವು ಸಸ್ಯಾಹಾರಿಗಳು ಸುಮ್ನೆ ಹಳೆಯದಕ್ಕೇ ಅಂಟಿಕೊಂಡೆವು. ಆದರೆ ಅಸಲಿ ಪಾರ್ಮಜಾನ್ ಚೀಸಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಚೀಸ್ ಬೇಡ ಅನ್ನಿ. ಸೂಪಿನಲ್ಲಿ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಇದೆಯಾ ಅಂತಲೂ ಕೇಳಿ.

ಮ್ಯಾನ್‌ಹಟನ್ನಿನಲ್ಲಿ ಸುತ್ತುವವರಿಗೆ ಮಲ್ಬರಿ ಸ್ಟ್ರೀಟ್ ಹತ್ತಿರ, ಒಪ್ಪುತ್ತೇನೆ. ನ್ಯೂಜೆರ್ಸಿಯಿಂದ ಬರುವ ನಮಗೆ ಬ್ರೂಕ್ಲಿನ್ ಅಂದರೆ ಇನ್ನೂ ಒಂದು ಟ್ರೇನು. ಆದರೂ ಪರವಾಗಿಲ್ಲ. ತಿಂಗಳಿಗೆ ಒಂದೇ ಸಲ ಹೊರಗೆ ತಿನ್ನುವ ನಮ್ಮಂಥವರಿಗೆ ರೇಟು ಕಾಗದದ ಮೇಲಿದ್ದರೇ ಊಟ ಗಂಟಲಲ್ಲಿ ಇಳಿಯೋದು.

ಉಳಿದ ಪಾರ್ಮಜಾನ ಡಬ್ಬಿಯಲ್ಲಿ ಮನೆಗೆ ಬಂತು. ಮಾರನೇ ದಿನ ಅಮ್ಮ ಅದಕ್ಕೆ ಹಸಿಮೆಣಸು ಹೆಚ್ಚಿ ಹಾಕಿ, ಬಿಸಿ ಮಾಡಿ, ಚಪಾತಿಗೆ ನೆಂಚಿಕೊಂಡರು.