‘ಬ್ಲಡ್ ಆನ್ ದ ಟ್ರ್ಯಾಕ್ಸ್’: ನ್ಯೂಯಾರ್ಕ್‌ನದು ಕೇಳಬೇಕೋ, ಮಿನಿಯಾಪೊಲಿಸ್‌ನದೋ?

1975ರ ಜನವರಿಯಲ್ಲಿ ಬಂದ ಬಾಬ್ ಡಿಲನ್ ಅವರ ಈ ಆಲ್ಬಮ್ಮಿನಲ್ಲಿರುವುದು ಹತ್ತು ಹಾಡು, ಸುಮಾರು 52 ನಿಮಿಷ. ಐದು ಹಾಡುಗಳು 1974ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಎ ಆ್ಯಂಡ್ ಆರ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾದವು. ಉಳಿದ ಐದನ್ನು ಡಿಸೆಂಬರ್ 27 ಮತ್ತು 30ರಂದು ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೋದಲ್ಲಿ ಮತ್ತೆ ಹಾಡಿದರು. ಹೊದಿಕೆ ಅಷ್ಟರಲ್ಲಾಗಲೇ ಅಚ್ಚಾಗಿದ್ದರಿಂದ ಮಿನಿಯಾಪೊಲಿಸ್ ವಾದಕರ ಹೆಸರು ಅದರಲ್ಲಿ ಬರಲೇ ಇಲ್ಲ.

ಈಗ ಕೇಳುಗರ ಮುಂದೆ ಮೂರು ದಾರಿಗಳಿವೆ. ಒಂದು, ಬಿಡುಗಡೆಯಾದ ಮೂಲ ಆಲ್ಬಮ್. ಎರಡು, ಹತ್ತೂ ಹಾಡುಗಳು ನ್ಯೂಯಾರ್ಕ್‌ನವೇ ಆಗಿರುವ ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಒತ್ತಿದ ರೆಕಾರ್ಡ್. ದಶಕಗಳ ಕಾಲ ಕಳ್ಳ ಪ್ರತಿಗಳಲ್ಲೇ ಓಡಾಡಿದ ಇದು 2019ರಲ್ಲಿ ರೆಕಾರ್ಡ್ ಅಂಗಡಿಗಳ ವಾರ್ಷಿಕ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇಗೆ ಅಧಿಕೃತ ಎಲ್‌ಪಿಯಾಗಿ ಬಂತು. ಮೂರು, ಇದೇ ಆಲ್ಬಮ್ಮಿಗಾಗಿ ಮಾಡಿದ ಧ್ವನಿಮುದ್ರಣಗಳ ಸಂಗ್ರಹವಾದ, 2018ರ ನವೆಂಬರ್‌ನ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’. ಇದರಲ್ಲಿ ಒಂದು ಸಿಡಿಯ ಆವೃತ್ತಿಯೂ ಇದೆ, ಆರು ಸಿಡಿಗಳ ಪೆಟ್ಟಿಗೆಯೂ ಇದೆ.

ಹೋಲಿಸುವ ಮುನ್ನ ವಾಲ್ಯೂಮ್ ಸರಿಮಾಡಿಕೊಳ್ಳಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಅನ್ನಿಸುತ್ತದೆ, ಗಿಟಾರ್ ಮತ್ತು ಬಾಸ್ ಮಾತ್ರ ಇರುವ ಮುದ್ರಣ ಡ್ರಮ್ಸ್ ಇರುವುದರ ಪಕ್ಕದಲ್ಲಿ ಸುಮ್ಮನೆ ಸೋಲುತ್ತದೆ. ಆ್ಯಪ್‌ನಲ್ಲಿ ಕೇಳುವುದಾದರೆ ಎಲ್ಲ ಹಾಡುಗಳ ಜೋರನ್ನು ಸಮ ಮಾಡುವ ನಾರ್ಮಲೈಸೇಶನ್ ಹಾಕಿಡಿ. ಎಲ್‌ಪಿ ಆದರೆ ಡಿಲನ್ ಅವರ ದನಿ ಎರಡರಲ್ಲೂ ಒಂದೇ ದೂರದಿಂದ ಬಂದಂತೆ ಕೇಳುವ ತನಕ ಗುಂಡಿ ತಿರುಗಿಸಿ. ವಾದ್ಯಗಳನ್ನು ಅಳತೆಗೆ ಹಿಡಿಯಬೇಡಿ, ದನಿಯನ್ನು ಹಿಡಿಯಿರಿ.

‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ವಿಷಯದಲ್ಲಿ ಮಿನಿಯಾಪೊಲಿಸ್ ಗೆಲ್ಲುತ್ತದೆ, ಅದೂ ಸಲೀಸಾಗಿ. ಅಲ್ಲಿ ಮೊದಲು ಜಿ ಶ್ರುತಿಯಲ್ಲಿ ನುಡಿಸಿ ನೋಡಿ, ಗಿಟಾರ್ ವಾದಕ ಕೆವಿನ್ ಓಡೆಗಾರ್ಡ್ ಅವರ ಸಲಹೆಯಂತೆ ಒಂದು ಸ್ವರ ಏರಿಸಿ ಎಗೆ ತಂದರು. ಆ ಎತ್ತರಕ್ಕೆ ದನಿ ಸ್ವಲ್ಪ ಬಿಗಿಯಲೇಬೇಕು. ಡ್ರಮ್ಸ್ ವಾದಕ ಬಿಲ್ ಬರ್ಗ್ ಅವರ ಹೈ ಹ್ಯಾಟ್ (ಜೋಡಿ ತಾಳ) ಸೇರಿದ ಮೇಲೆ ಹಾಡು ಎಲ್ಲೂ ಕೂರುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಇದೇ ಹಾಡು ಇಯಲ್ಲಿದೆ, ಜೊತೆಗಿರುವುದು ಟೋನಿ ಬ್ರೌನ್ ಅವರ ಬಾಸ್ ಒಂದೇ. ಕಥೆಯ ಒಂದಷ್ಟು ಭಾಗ ‘ನಾನು’ ಬದಲು ‘ಅವನು’ ಎಂದು ಸಾಗುತ್ತದೆ. ಊರಿಂದೂರಿಗೆ ಅಲೆಯುವ ಕಥೆಗೆ ಆ ನಿಧಾನ ಒಗ್ಗುವುದಿಲ್ಲ.

‘ಲಿಲಿ, ರೋಸ್‌ಮೇರಿ ಆ್ಯಂಡ್ ದ ಜ್ಯಾಕ್ ಆಫ್ ಹಾರ್ಟ್ಸ್’ ಕೂಡ ಹಾಗೆಯೇ. ನ್ಯೂಯಾರ್ಕ್‌ನದರಲ್ಲಿ ಒಂದು ಚರಣ ಹೆಚ್ಚಿದೆ, ವಾದ್ಯಗಳು ಕಡಿಮೆ. ಹತ್ತು ನಿಮಿಷದ ಹತ್ತಿರ ಒಂದೇ ಧಾಟಿ ಕೇಳುವಾಗ ಗಮನ ಎಲ್ಲೆಲ್ಲೋ ಹೋಗುತ್ತದೆ. ಆದರೆ ಕಥೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬ ಗೋಜಲು ಬಿಡಿಸಿಕೊಳ್ಳಬೇಕಿದ್ದರೆ ಆ ಆವೃತ್ತಿಯನ್ನು ಒಮ್ಮೆ ಕೇಳಿ, ಮಾತು ಬಿಡಿಬಿಡಿಯಾಗಿ ಸಿಗುತ್ತದೆ.

‘ಇಡಿಯಟ್ ವಿಂಡ್’ ಬಗ್ಗೆ ಅಭಿಮಾನಿಗಳ ಜಗಳ ಮುಗಿಯುವಂಥದ್ದಲ್ಲ. ಮಿನಿಯಾಪೊಲಿಸ್‌ನದರಲ್ಲಿ ಸಿಟ್ಟು ಬಾಯಿ ಬಿಟ್ಟಿದೆ, ಪದಗಳನ್ನು ಎಳೆದೆಳೆದು ಎಸೆಯುತ್ತಾರೆ. ನ್ಯೂಯಾರ್ಕ್‌ನದು ಅದೇ ಜಗಳ, ಆದರೆ ಎಲ್ಲ ಮುಗಿದ ಮೇಲಿನ ತಗ್ಗಿದ ದನಿಯಲ್ಲಿ. ಟೆಸ್ಟ್ ಪ್ರೆಸ್ಸಿಂಗ್‌ನಲ್ಲಿ ಪಾಲ್ ಗ್ರಿಫಿನ್ ಅವರ ಆರ್ಗನ್ ಹಿಂದೆ ಎಲ್ಲೋ ಉಸಿರಾಡುತ್ತದೆ. ಸಾಹಿತ್ಯವೂ ಬೇರೆ. ನ್ಯೂಯಾರ್ಕ್‌ನಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಿಂದ ಬೀಸಿದ ಗಾಳಿ ಮಾರ್ಡಿ ಗ್ರಾ ಹಬ್ಬದ ತನಕ ಹೋಗುತ್ತದೆ. ಬಿಡುಗಡೆಯಾದದ್ದರಲ್ಲಿ ಅದು ನೇರ ವಾಷಿಂಗ್ಟನ್ನಿನ ಕ್ಯಾಪಿಟಲ್‌ಗೆ ನುಗ್ಗುತ್ತದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟದ್ದು ಅದೇ 1974ರ ಆಗಸ್ಟ್‌ನಲ್ಲಿ, ಹಾಗಾಗಿ ಆ ಒಂದು ತಿದ್ದುಪಡಿಯಿಂದ ಮನೆಜಗಳ ದೇಶದ ಜಗಳವೂ ಆಗಿಬಿಟ್ಟಿದೆ. ಹಾಡಾಗಿ ನೋಡಿದರೆ ನಮ್ಮ ಮತ ನ್ಯೂಯಾರ್ಕ್‌ಗೆ. ಆಲ್ಬಮ್ಮಿನ ನಡುವೆ ಮಾತ್ರ ಮಿನಿಯಾಪೊಲಿಸ್‌ನದೇ ಇರಬೇಕು. ಇಲ್ಲವಾದರೆ ಮೊದಲ ಬದಿ ಪೂರ್ತಿ ಒಂದೇ ಬಣ್ಣವಾಗುತ್ತದೆ, ಟೆಸ್ಟ್ ಪ್ರೆಸ್ಸಿಂಗ್‌ನ ದೊಡ್ಡ ಕೊರತೆಯೂ ಅದೇ.

‘ಇಫ್ ಯು ಸೀ ಹರ್, ಸೇ ಹಲೋ’ಗೆ ನ್ಯೂಯಾರ್ಕ್, ಚರ್ಚೆಯೇ ಬೇಡ. ಮ್ಯಾಂಡೊಲಿನ್ ಸೇರಿಸಿ ಅಲಂಕರಿಸಿದ್ದು ಈ ಹಾಡಿಗೆ ಬೇಕಿರಲಿಲ್ಲ. ‘ಯು ಆರ್ ಎ ಬಿಗ್ ಗರ್ಲ್ ನೌ’ ಎರಡೂ ಕಡೆ ಸಮ.

ಇನ್ನು ವೇಗದ ವಿಷಯ. ಗಿಟಾರ್ ಹಿಡಿದು ಜೊತೆಯಲ್ಲಿ ನುಡಿಸುವವರು ಎಡವುವುದು ಇಲ್ಲೇ. ನ್ಯೂಯಾರ್ಕ್ ಹಾಡುಗಳಿಗೆ ಚುರುಕು ಬರಲಿ ಎಂದು ಮಾಸ್ಟರ್, ಅಂದರೆ ಅಂತಿಮ ಪ್ರತಿ ಮಾಡುವಾಗ ಟೇಪನ್ನು ಶೇ. 2ರಿಂದ 3ರಷ್ಟು ವೇಗವಾಗಿ ಓಡಿಸಿದ್ದಾರೆ. ಟೇಪಿನ ವೇಗ ಏರಿದರೆ ಶ್ರುತಿಯೂ ಏರುತ್ತದೆ: ಶೇ. 2ಕ್ಕೆ ಸುಮಾರು 34 ಸೆಂಟ್ (ಒಂದು ಸೆಮಿಟೋನ್, ಅಂದರೆ ಪಕ್ಕದ ಸ್ವರದ ಅಂತರದ ನೂರನೇ ಒಂದು ಭಾಗ), ಶೇ. 3ಕ್ಕೆ ಸುಮಾರು 51 ಸೆಂಟ್, ಅಂದರೆ ಅರ್ಧ ಸೆಮಿಟೋನ್. ಹೀಗಾಗಿ ‘ಸಿಂಪಲ್ ಟ್ವಿಸ್ಟ್ ಆಫ್ ಫೇಟ್’, ‘ಶೆಲ್ಟರ್ ಫ್ರಮ್ ದ ಸ್ಟಾರ್ಮ್’, ‘ಬಕೆಟ್ಸ್ ಆಫ್ ರೇನ್’ ಮೂರೂ ಇಗೂ ಎಫ್‌ಗೂ ನಡುವೆ ನೇತಾಡುತ್ತವೆ. 2018ರ ಸಂಗ್ರಹದಲ್ಲಿ ಮೂಲ ವೇಗಕ್ಕೇ ತಂದಿದ್ದಾರೆ. ಅದರಲ್ಲಿ ದನಿ ವಯಸ್ಸಾದಂತೆ, ಭಾರವಾದಂತೆ ಕೇಳುವುದಕ್ಕೆ ಅರ್ಧ ಕಾರಣ ಇದೇ. ಮೋಟಾರ್ ಕೆಟ್ಟ ಟೇಪ್ ರೆಕಾರ್ಡರ್‌ನಲ್ಲಿ ಭಾವಗೀತೆ ಕ್ಯಾಸೆಟ್ ಕೇಳಿ ಬೆಳೆದವರಿಗೆ ಈ ವ್ಯತ್ಯಾಸ ತಟ್ಟನೆ ಸಿಗುತ್ತದೆ.

ಜೊತೆಯಲ್ಲಿ ನುಡಿಸುವುದಕ್ಕೆ 2018ರದ್ದೇ ಸುಲಭ. ಮೂಲ ಆಲ್ಬಮ್ಮೇ ಬೇಕೆಂದರೆ ಟ್ಯೂನರ್‌ನ ಆಧಾರ ಶ್ರುತಿಯನ್ನು 440 ಹರ್ಟ್ಸ್‌ನಿಂದ 449ಕ್ಕೆ ಏರಿಸಿ, ಆಮೇಲೆ ಕಿವಿಯಿಂದ ತಿದ್ದಿ. ಸಾಫ್ಟ್‌ವೇರ್‌ನಲ್ಲಿ ಹಾಡನ್ನೇ ಇಳಿಸುವುದಾದರೆ ವೇಗ, ಶ್ರುತಿ ಎರಡೂ ಒಟ್ಟಿಗೆ ಇಳಿಯುವ ಆಯ್ಕೆ ಹಿಡಿಯಿರಿ. ಶ್ರುತಿ ಹಾಗೇ ಇದ್ದು ವೇಗ ಮಾತ್ರ ತಗ್ಗುವ ಆಯ್ಕೆಯಿಂದ ಕೆಲಸವಾಗದು.

ಈ ಹಾಡುಗಳಿಗೆ ಬೇಕಾದ್ದು ಓಪನ್ ಇ ಟ್ಯೂನಿಂಗ್, ಅಂದರೆ ಬೆರಳಿಡದೆ ಮೀಟಿದರೇ ಇ ಕಾರ್ಡ್ ಬರುವ ಶ್ರುತಿ. ಅದನ್ನು ನೇರವಾಗಿ ಮಾಡಲು ಹೊರಟರೆ ಮೂರು ತಂತಿಗಳನ್ನು ಬಿಗಿಯಬೇಕು. ದಪ್ಪ ತಂತಿ ಹಾಕಿದ ಅಕೌಸ್ಟಿಕ್ ಗಿಟಾರ್‌ನಲ್ಲಿ ಕತ್ತಿನ ಮೇಲೆ ಭಾರ ಬೀಳುತ್ತದೆ, ತಂತಿಯೂ ಹರಿಯಬಹುದು. ಬದಲಿಗೆ ಓಪನ್ ಡಿ ಮಾಡಿ ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ. ಆರನೇ ಮತ್ತು ಒಂದನೇ ತಂತಿಯನ್ನು ಇಯಿಂದ ಡಿಗೆ, ಎರಡನೆಯದನ್ನು ಬಿಯಿಂದ ಎಗೆ, ಮೂರನೆಯದನ್ನು ಜಿಯಿಂದ ಎಫ್ ಶಾರ್ಪ್‌ಗೆ ಇಳಿಸಿ. ನಾಲ್ಕು ಮತ್ತು ಐದನ್ನು ಮುಟ್ಟಬೇಡಿ. ಇಳಿಸುವಾಗ ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮೇಲೆ ಬನ್ನಿ, ಇಲ್ಲದಿದ್ದರೆ ಸಡಿಲಿಸಿದ ತಂತಿ ನುಡಿಸುತ್ತ ನುಡಿಸುತ್ತ ಜರುಗುತ್ತದೆ. ಕ್ಯಾಪೊ ಫ್ರೆಟ್‌ಗೆ ಒತ್ತಿಕೊಂಡಿರಲಿ; ಹಿಂದೆ ಸರಿದಷ್ಟೂ ಸಡಿಲ ತಂತಿ ಎಳೆದುಕೊಂಡು ಶ್ರುತಿ ಏರುತ್ತದೆ.

ಇಷ್ಟು ಮಾಡಿಯೂ ಮೂರನೇ ತಂತಿ ಚುಚ್ಚಿದಂತೆ ಕೇಳಿದರೆ ನಿಮ್ಮ ಕಿವಿಯದು ತಪ್ಪಲ್ಲ. ಟ್ಯೂನರ್ ತೋರಿಸುವ ಗಾಂಧಾರ ಶುದ್ಧ ಅನುಪಾತದ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ತಂಬೂರಿಗೆ ಒಗ್ಗಿದ ಕಿವಿ ಅದನ್ನು ಬೇಗ ಹಿಡಿಯುತ್ತದೆ. ಆ ತಂತಿಯನ್ನು ಕೂದಲೆಳೆಯಷ್ಟು ಇಳಿಸಿದರೆ ‘ಬಕೆಟ್ಸ್ ಆಫ್ ರೇನ್’ ತಂತಾನೇ ತಣ್ಣಗಾಗುತ್ತದೆ. ಬ್ಯಾರೆ ಹಿಡಿದು, ಅಂದರೆ ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತಿ, ಬೇರೆ ಕಾರ್ಡ್‌ಗೆ ಹೋದಾಗಲೂ ಅದೇ ತಂತಿ ಗಾಂಧಾರವಾಗೇ ಇರುವುದರಿಂದ ನಷ್ಟವೇನಿಲ್ಲ.

ಎಲ್‌ಪಿ ಕೊಳ್ಳುವವರಿಗೆ ಒಂದು ಮಾತು. ಬದಿಗೆ 25-26 ನಿಮಿಷ ಎಂದರೆ ಸೂಜಿ ಓಡುವ ಗೀರುಗಳು ಒತ್ತೊತ್ತಾಗಿ ಬರುತ್ತವೆ. ಮೊದಲ ಬದಿಯ ಕೊನೆಯ ಹಾಡಿನಲ್ಲಿ ಹಾರ್ಮೋನಿಕಾ ಕರ್ಕಶವಾಗಿ, ಸಕಾರಗಳು ಉಗುಳಿದಂತೆ ಕೇಳಿದರೆ ರೆಕಾರ್ಡನ್ನು ಬೈಯುವ ಮೊದಲು ಸೂಜಿ ಹಿಡಿದಿರುವ ಕಾರ್ಟ್ರಿಜ್ ಸರಿಯಾದ ಕೋನದಲ್ಲಿದೆಯೇ ಎಂದು ಪ್ರೊಟ್ರ್ಯಾಕ್ಟರ್ (ಕೋನಮಾಪಕ) ಇಟ್ಟು ನೋಡಿ. ಸೂಜಿಯ ಭಾರ ತಯಾರಕರು ಹೇಳಿದ ಮಿತಿಯ ಮೇಲಿನ ಅರ್ಧದಲ್ಲಿರಲಿ. ನ್ಯೂಯಾರ್ಕ್ ಮುದ್ರಣಗಳಲ್ಲಿ ಕೇಳುವ ಟಕಟಕ ಮಾತ್ರ ಯಾವ ಸೂಜಿ ಬದಲಿಸಿದರೂ ಹೋಗದು, ಅದು ಡಿಲನ್ ಅವರ ಜ್ಯಾಕೆಟ್ಟಿನ ಗುಂಡಿ ಗಿಟಾರ್‌ಗೆ ತಾಗುವ ಸದ್ದು. ಆ ಕಾರಣಕ್ಕೆ ರೆಕಾರ್ಡ್ ವಾಪಸ್ ಮಾಡಬೇಡಿ.

ಒಂದೇ ಕೊಳ್ಳುವುದಾದರೆ 1975ರ ಆಲ್ಬಮ್. ಎರಡನೆಯದು 2018ರ ಒಂದು ಸಿಡಿಯದು. ಹತ್ತು ಹಾಡುಗಳ ಜೊತೆ ಆಲ್ಬಮ್ಮಿನಿಂದ ಹೊರಗುಳಿದ ‘ಅಪ್ ಟು ಮಿ’ ಕೂಡ ಇದೆ. ಆದರೆ ಹಾಡುಗಳ ಕ್ರಮ ಬೇರೆ, ಆದ್ದರಿಂದ ಹೋಲಿಸುವಾಗ ಪ್ಲೇಲಿಸ್ಟ್ ಮಾಡಿ ಹಳೆಯ ಕ್ರಮಕ್ಕೆ ಜೋಡಿಸಿಕೊಳ್ಳಿ. ಟೆಸ್ಟ್ ಪ್ರೆಸ್ಸಿಂಗ್ ಎಲ್‌ಪಿಗೆ ದುಬಾರಿ ಬೆಲೆ ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ. ಆರು ಸಿಡಿಗಳ ಪೆಟ್ಟಿಗೆ, ಒಂದೇ ಹಾಡನ್ನು ಮತ್ತೆಮತ್ತೆ ಹಾಡಿ ಬಿಟ್ಟ ಪ್ರಯತ್ನಗಳನ್ನೂ ಸಹಿಸಿ ಕೇಳಬಲ್ಲವರಿಗೆ. ಎರವಲು ಸಿಕ್ಕರೆ ಮೊದಲ ಸಿಡಿಯೊಂದನ್ನೇ ಕೇಳಿ: ಸೆಪ್ಟೆಂಬರ್ 16, ಬ್ಯಾಂಡ್ ಸೇರುವ ಮೊದಲು ಡಿಲನ್ ಒಬ್ಬರೇ ಗಿಟಾರ್ ಹಿಡಿದು ಹಾಡಿದ್ದು ಅದರಲ್ಲಿದೆ.